ಸ್ಟೀಮ್‌ಪಂಕ್

ಸ್ಟೀಮ್‌ಪಂಕ್: ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರ, ಗಡಿಯಾರದ ಯಂತ್ರರಚನೆ ಮತ್ತು ವಿಕ್ಟೋರಿಯಾ ರಾಣಿಯ ಕಾಲದ ವೇಷಭೂಷಣಗಳನ್ನು ಆಧಾರವಾಗಿಟ್ಟುಕೊಂಡು, ಆ ಯುಗದವರು ಊಹಿಸಿದ್ದ ಅಥವಾ ಊಹಿಸಬಹುದಾಗಿದ್ದ ಭವಿಷ್ಯಕ್ಕೆ ರೂಪ ಕೊಡುವ ಸಾಹಿತ್ಯಪ್ರಕಾರ, ವಿನ್ಯಾಸಶೈಲಿ ಮತ್ತು ಉಡುಪಿನ ಸಂಪ್ರದಾಯ. ಪೆಟ್ರೋಲ್ ಎಂಜಿನ್ನು ಮತ್ತು ವಿದ್ಯುನ್ಮಾನ ಉಪಕರಣಗಳು ಮೇಲುಗೈ ಪಡೆಯದೆ, ಉಗಿಯೇ ನಾಗರಿಕತೆಯ ಮುಖ್ಯ ಚಾಲಕಶಕ್ತಿಯಾಗಿ ಉಳಿದಿದ್ದ ಪಕ್ಷದಲ್ಲಿ ಜಗತ್ತಿನ ಯಂತ್ರ, ವಾಹನ, ವಸ್ತ್ರ ಮತ್ತು ನಗರಗಳು ಯಾವ ರೂಪವನ್ನು ತಾಳುತ್ತಿದ್ದವು ಎಂಬ ಕಲ್ಪನೆಯೇ ಇದರ ಮೂಲಸೂತ್ರ. ಯಂತ್ರದ ಒಳಗೆ ನಡೆಯುವ ಕೆಲಸ ಹೊರಗಿನಿಂದ ಕಾಣುವಂತಿರಬೇಕೆಂಬುದು ಈ ಶೈಲಿಯ ಪ್ರಧಾನ ಲಕ್ಷಣವಾಗಿದ್ದು, ಉಳಿದ ಲಕ್ಷಣಗಳು ಬಹುಮಟ್ಟಿಗೆ ಇದರಿಂದಲೇ ಹುಟ್ಟಿದುವಾಗಿವೆ.

ಹೆಸರು ಮತ್ತು ವ್ಯಾಪ್ತಿ

ಈ ಹೆಸರನ್ನು ಮೊದಲು ಬಳಸಿದವನು ಅಮೆರಿಕದ ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್. ತಾನೂ ತನ್ನ ಮಿತ್ರರಾದ ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕರೂ ಬರೆಯುತ್ತಿದ್ದ ವಿಕ್ಟೋರಿಯನ್ ಹಿನ್ನೆಲೆಯ ಅದ್ಭುತ ಕಥೆಗಳಿಗೆ ಒಂದು ಸಾಮಾನ್ಯ ನಾಮ ಬೇಕೆಂದು, ಆಗ ಪ್ರಚಾರದಲ್ಲಿದ್ದ ‘ಸೈಬರ್‌ಪಂಕ್’ ಎಂಬ ಮಾತನ್ನು ಅನುಸರಿಸಿ, 1987ರಲ್ಲಿ ‘ಲೋಕಸ್’ ಎಂಬ ವೈಜ್ಞಾನಿಕ ಕಥಾಸಾಹಿತ್ಯದ ಪತ್ರಿಕೆಗೆ ಬರೆದ ಪತ್ರದಲ್ಲಿ ಈತ ಅದನ್ನು ವಿನೋದವಾಗಿ ಸೂಚಿಸಿದನು. ವಿನೋದಕ್ಕೆಂದು ಹುಟ್ಟಿದ ಹೆಸರು ಸಾಹಿತ್ಯದ ಎಲ್ಲೆಯನ್ನು ದಾಟಿ, ಮುಂದಿನ ಎರಡು ದಶಕಗಳಲ್ಲಿ ಲೋಹದ ಕೆಲಸ, ಉಡುಪು, ಚಲನಚಿತ್ರ ಮತ್ತು ಸಾರ್ವಜನಿಕ ಕಲೆಗಳಿಗೂ ಅನ್ವಯವಾಯಿತು.

ಹಿಂದಿನ ಕಾಲದವರು ಕಂಡ ಭವಿಷ್ಯದ ಚಿತ್ರವನ್ನು ಪುನಃ ಕಲ್ಪಿಸುವ ಎಲ್ಲ ಶೈಲಿಗಳನ್ನೂ ಒಟ್ಟಾಗಿ ಈ ಲೇಖನದಲ್ಲಿ ‘ಗತಭವಿಷ್ಯ ವಿನ್ಯಾಸ’ ಎಂದು ಕರೆಯಲಾಗಿದೆ. ಸ್ಟೀಮ್‌ಪಂಕ್ ಅದರ ಒಂದು ಶಾಖೆ; ಉಗಿಯುಗಕ್ಕೆ ಸೀಮಿತವಾದುದು. ಹಳೆಯ ವಸ್ತುಗಳನ್ನು ಇದ್ದ ಹಾಗೆಯೇ ಸಂರಕ್ಷಿಸುವ ಅಥವಾ ಯಥಾವತ್ತಾಗಿ ಪ್ರತಿಮಾಡುವ ಕಾರ್ಯ ಇದರಲ್ಲಿ ಸೇರುವುದಿಲ್ಲ. ಎಂದೂ ಇಲ್ಲದಿದ್ದ ವಸ್ತುವನ್ನು ಹಳೆಯ ಕಾಲದ ಪರಿಭಾಷೆಯಲ್ಲಿ ನಿರ್ಮಿಸುವುದೇ ಇಲ್ಲಿಯ ಉದ್ದೇಶ.

ಐತಿಹಾಸಿಕ ಹಿನ್ನೆಲೆ

ಜೇಮ್ಸ್ ವಾಟ್ 1769ರಲ್ಲಿ ಪ್ರತ್ಯೇಕ ಸಾಂದ್ರಕಕ್ಕೆ ಹಕ್ಕುಪತ್ರ ಪಡೆದ ಮೇಲೆ ಉಗಿಯಂತ್ರದ ಇಂಧನವ್ಯಯ ತಗ್ಗಿ, ಗಣಿಯ ನೀರೆತ್ತುವ ಕೆಲಸಕ್ಕೆ ಮೀಸಲಾಗಿದ್ದ ಅದು ಕ್ರಮೇಣ ಗಿರಣಿ, ರೈಲು ಮತ್ತು ಹಡಗುಗಳನ್ನು ನಡೆಸತೊಡಗಿತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಿಂದ ನಿರ್ಮಿಸಿದ ‘ಕ್ರಿಸ್ಟಲ್ ಪ್ಯಾಲೇಸ್’ನಲ್ಲಿ ನಡೆದ ಮಹಾಪ್ರದರ್ಶನವು ಯಂತ್ರವನ್ನು ಉಪಯುಕ್ತ ಸಾಧನವಾಗಿ ಮಾತ್ರವಲ್ಲದೆ ನೋಡತಕ್ಕ ವಸ್ತುವಾಗಿಯೂ ಜನರ ಮುಂದಿರಿಸಿತು. ಯಂತ್ರದ ಚೌಕಟ್ಟಿಗೆ ಗ್ರೀಕ್ ಕಂಬಗಳ ಆಕಾರ ಕೊಡುವುದೂ ಎರಕದ ಕಬ್ಬಿಣದ ಮೇಲೆ ಎಲೆಬಳ್ಳಿಗಳನ್ನು ಮೂಡಿಸುವುದೂ ಆ ಕಾಲದ ಎಂಜಿನಿಯರುಗಳಿಗೆ ಅಸಹಜವೆನಿಸಿರಲಿಲ್ಲ.

ಕೈಗೂಡದೆ ಉಳಿದ ಅಥವಾ ಅರ್ಧಕ್ಕೆ ನಿಂತ ಹಲವು ಪ್ರಯತ್ನಗಳು ಸ್ಟೀಮ್‌ಪಂಕ್ ಕಲ್ಪನೆಗೆ ವಿಶೇಷವಾದ ಸಾಮಗ್ರಿಯನ್ನು ಒದಗಿಸಿವೆ. ಅವುಗಳಲ್ಲಿ ಮುಖ್ಯವಾದುವು ಚಾರ್ಲ್ಸ್ ಬ್ಯಾಬೇಜನ ಗಣಕಯಂತ್ರಗಳು. ಗಣಿತದ ಕೋಷ್ಟಕಗಳನ್ನು ತಪ್ಪಿಲ್ಲದೆ ಸಿದ್ಧಪಡಿಸಲು ಈತ ಯೋಜಿಸಿದ ‘ಡಿಫರೆನ್ಸ್ ಎಂಜಿನ್’ಗೆ ಬ್ರಿಟಿಷ್ ಸರ್ಕಾರ 17,000 ಪೌಂಡಿಗೂ ಮಿಕ್ಕ ಹಣ ವೆಚ್ಚಮಾಡಿ, ಕೆಲಸ ನಿಂತುಹೋದ ಮೇಲೆ 1842ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ಅನಂತರದ ‘ಅನಲಿಟಿಕಲ್ ಎಂಜಿನ್’ ಜಾಕಾರ್ಡ್ ಮಗ್ಗದ ರಂಧ್ರಪಟ್ಟಿಗಳಿಂದ ಆದೇಶ ಪಡೆಯಬೇಕಾಗಿದ್ದ ಯಂತ್ರ. ಅದನ್ನು ಕುರಿತು 1843ರಲ್ಲಿ ಏಡಾ ಲವ್‌ಲೇಸ್ ಬರೆದ ಟಿಪ್ಪಣಿಗಳು ಗಣಕವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಬ್ಯಾಬೇಜನ ಎರಡನೆಯ ಡಿಫರೆನ್ಸ್ ಎಂಜಿನ್ನಿನ ನಕ್ಷೆಗಳನ್ನು ಅನುಸರಿಸಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯವು ಲೆಕ್ಕಮಾಡುವ ಭಾಗವನ್ನು 1991ರಲ್ಲಿಯೂ ಮುದ್ರಣಭಾಗವನ್ನು 2002ರಲ್ಲಿಯೂ ಪೂರ್ಣಗೊಳಿಸಿದ್ದು, ಸುಮಾರು 8,000 ಬಿಡಿಭಾಗಗಳೂ 5 ಟನ್ ತೂಕವೂ ಉಳ್ಳ ಈ ಯಂತ್ರ ಸರಿಯಾಗಿ ಕೆಲಸ ಮಾಡುವುದರಿಂದ ಆ ರಚನೆ ತತ್ತ್ವತಃ ನಿರ್ದುಷ್ಟವಾಗಿದ್ದುದು ಸಿದ್ಧವಾಯಿತು.

ಗಗನಸಂಚಾರದಲ್ಲಿಯೂ ಇಂತಹ ಉದಾಹರಣೆಗಳುಂಟು. ಫ್ರಾನ್ಸಿನ ಆನ್ರಿ ಜಿಫಾರ್ 1852ರ ಸೆಪ್ಟೆಂಬರ್ 24ರಂದು 3 ಅಶ್ವಶಕ್ತಿಯ ಉಗಿಯಂತ್ರ ಜೋಡಿಸಿದ ವಾಯುನೌಕೆಯಲ್ಲಿ ಪ್ಯಾರಿಸಿನಿಂದ ಸುಮಾರು 27 ಕಿ.ಮೀ. ದೂರ ಸಂಚರಿಸಿದನು. ಅದೇ ದೇಶದ ಕ್ಲೆಮಾಂ ಆದೆರ್ ರಚಿಸಿದ, ಬಾವಲಿಯ ರೆಕ್ಕೆಗಳನ್ನು ಹೋಲುವ ರೆಕ್ಕೆಗಳುಳ್ಳ ಉಗಿವಿಮಾನ ‘ಏಯೋಲ್’ 1890ರ ಅಕ್ಟೋಬರ್ 9ರಂದು ನೆಲಬಿಟ್ಟು ಸುಮಾರು 50 ಮೀಟರ್ ಮುಂದೆ ಸಾಗಿತು. ಆದರೆ ನೀರು, ಬಾಯ್ಲರು ಮತ್ತು ಇಂಧನಗಳ ಭಾರವನ್ನು ಹೊತ್ತು ಹಾರುವುದು ಉಗಿಗೆ ಸುಲಭಸಾಧ್ಯವಾಗಿರಲಿಲ್ಲವಾದ್ದರಿಂದ ವಿಮಾನಯಾನ ಪೆಟ್ರೋಲ್ ಎಂಜಿನ್ನಿನ ಪಾಲಾಯಿತು.

ಸಾಹಿತ್ಯದಲ್ಲಿ ವಿಕಾಸ

ಸ್ಟೀಮ್‌ಪಂಕಿನ ಪೂರ್ವಸೂರಿಗಳೆಂದು ಪರಿಗಣಿತರಾದವರಲ್ಲಿ ಫ್ರೆಂಚ್ ಲೇಖಕ ಜೂಲ್ ವರ್ನ್ ಮತ್ತು ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಪ್ರಮುಖರು. ವರ್ನನ ‘ಕಡಲಡಿಯ ಇಪ್ಪತ್ತು ಸಾವಿರ ಲೀಗ್’ ಕಾದಂಬರಿಯ ಜಲಾಂತರ್ಗಾಮಿ ‘ನಾಟಿಲಸ್’ ಗ್ರಂಥಭಂಡಾರ, ಚಿತ್ರಶಾಲೆ, ವಾದ್ಯಗಳನ್ನೊಳಗೊಂಡ ಅರಮನೆಯಂತಹ ನೌಕೆ. ವೆಲ್ಸನ 1895ರ ‘ಕಾಲಯಂತ್ರ’ವು ಹಿತ್ತಾಳೆ, ದಂತ ಮತ್ತು ಸ್ಫಟಿಕಗಳಿಂದಾದ, ಏರಿ ಕುಳಿತು ನಡೆಸುವ ಯಂತ್ರ. ಅಮೆರಿಕದಲ್ಲಿ ಎಡ್ವರ್ಡ್ ಎಲ್ಲಿಸ್ 1868ರಲ್ಲಿ ಬರೆದ ಅಗ್ಗದ ಬೆಲೆಯ ಕಥೆಯೊಂದರಲ್ಲಿ ಬಂಡಿಯೆಳೆಯುವ ಉಗಿಮಾನವ ಕಾಣಿಸಿಕೊಂಡನು. ಫ್ರೆಂಚ್ ಚಿತ್ರಕಾರ ಆಲ್ಬೆರ್ ರೊಬಿದಾ ತನ್ನ 1883ರ ‘ಇಪ್ಪತ್ತನೆಯ ಶತಮಾನ’ ಎಂಬ ಗ್ರಂಥದಲ್ಲಿ ಆಕಾಶವಾಹನಗಳಿಂದ ತುಂಬಿದ ಪ್ಯಾರಿಸನ್ನು ಚಿತ್ರಿಸಿದನು. ಇವರೆಲ್ಲರೂ ತಮ್ಮ ಕಾಲದ ವಿಜ್ಞಾನವನ್ನು ಮುಂದಕ್ಕೆ ಬೆಳೆಸಿ ನಿಜವಾದ ಭವಿಷ್ಯವನ್ನು ಊಹಿಸಿದವರು; ಆ ಊಹೆ ಹುಸಿಯಾಯಿತೆಂದು ತಿಳಿದ ಮೇಲೂ ಅದನ್ನೇ ಬೇಕೆಂದು ಆರಿಸಿಕೊಂಡವರು ಸ್ಟೀಮ್‌ಪಂಕ್ ಲೇಖಕರು.

ಈ ಎರಡನೆಯ ಘಟ್ಟದ ಆರಂಭವನ್ನು ಮೈಕೇಲ್ ಮೂರ್‌ಕಾಕನ ‘ದಿ ವಾರ್‌ಲಾರ್ಡ್ ಆಫ್ ದಿ ಏರ್’ (1971) ಎಂಬ ಕಾದಂಬರಿಯಲ್ಲಿ ಗುರುತಿಸುವುದುಂಟು. ಜೀಟರನ ‘ಮಾರ್‌ಲಾಕ್ ನೈಟ್’ (1979), ಪವರ್ಸನ ‘ದಿ ಅನೂಬಿಸ್ ಗೇಟ್ಸ್’ (1983), ಬ್ಲೇಲಾಕನ ‘ಹೋಮನ್‌ಕ್ಯುಲಸ್’ (1986) ಅನಂತರ ಬಂದವು. ಬ್ಯಾಬೇಜನ ಯಂತ್ರ ಸಫಲವಾಗಿ ಗಣಕಯುಗ ಒಂದು ಶತಮಾನ ಮೊದಲೇ ಪ್ರಾರಂಭವಾದ ಇಂಗ್ಲೆಂಡನ್ನು ಕಲ್ಪಿಸಿದ, ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಕೂಡಿ ಬರೆದ ‘ದಿ ಡಿಫರೆನ್ಸ್ ಎಂಜಿನ್’ (1990) ಈ ಪ್ರಕಾರಕ್ಕೆ ವಿಶಾಲವಾದ ಓದುಗವರ್ಗವನ್ನು ತಂದಿತು. ಚೈನಾ ಮಿಯೆವಿಲ್ಲನ ‘ಪರ್ಡಿಡೊ ಸ್ಟ್ರೀಟ್ ಸ್ಟೇಷನ್’ (2000), ಚೆರಿ ಪ್ರೀಸ್ಟಳ ‘ಬೋನ್‌ಷೇಕರ್’ (2009), ಸ್ಕಾಟ್ ವೆಸ್ಟರ್‌ಫೆಲ್ಡನ ‘ಲೆವಯಥನ್’ (2009) ಮುಂದಿನ ತಲೆಮಾರಿನ ಕೃತಿಗಳು.

ವಿನ್ಯಾಸದ ಲಕ್ಷಣಗಳು

ಗೋಚರತೆ: ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಉಪಕರಣಗಳು ಮುಚ್ಚಿದ ಪೆಟ್ಟಿಗೆಗಳಾಗಿ, ಅವುಗಳ ವ್ಯಾಪಾರ ಬಳಸುವವನ ಕಣ್ಣಿಗೆ ಕಾಣದಂತಾಯಿತು. ಉಗಿಯಂತ್ರದ ಸ್ವಭಾವ ಇದಕ್ಕೆ ವಿರುದ್ಧವಾದುದು. ವಾಟನು ಬಳಕೆಗೆ ತಂದ ವೇಗನಿಯಂತ್ರಕದಲ್ಲಿ ಎರಡು ಲೋಹದ ಗುಂಡುಗಳು ಸುತ್ತುತ್ತ, ವೇಗ ಹೆಚ್ಚಿದೊಡನೆ ಹೊರಕ್ಕೆ ಚಾಚಿ, ಸನ್ನೆಯ ಮೂಲಕ ಉಗಿಯ ಕವಾಟವನ್ನು ಕಿರಿದುಗೊಳಿಸುವುವು. ಯೂಜೀನ್ ಬೂರ್‌ದಾಂ 1849ರಲ್ಲಿ ರೂಪಿಸಿದ ಒತ್ತಡಮಾಪಕದಲ್ಲಿ ಬಾಗಿದ ಚಪ್ಪಟೆ ಕೊಳವೆಯು ಒತ್ತಡ ಏರಿದಂತೆ ನೆಟ್ಟಗಾಗಲೆಳಸಿ, ಹಲ್ಲುಗಾಲಿಯ ಮೂಲಕ ಮುಳ್ಳನ್ನು ತಿರುಗಿಸುವುದು. ಎರಡರಲ್ಲಿಯೂ ಒಳಗಿನ ಬಲವು ಹೊರಗಿನ ಚಲನೆಯಾಗಿ ಪ್ರಕಟವಾಗುವುದು. ಸ್ಟೀಮ್‌ಪಂಕ್ ಉಪಕರಣಗಳಲ್ಲಿ ಮಾಪಕದ ಮುಖ, ಹಲ್ಲುಗಾಲಿ, ಸನ್ನೆ, ಕೊಳವೆ ಮತ್ತು ಕವಾಟಗಳು ಪದೇ ಪದೇ ಕಂಡುಬರುವುದಕ್ಕೆ ಇದು ಕಾರಣ.

ದ್ರವ್ಯಗಳು: ತಾಮ್ರ, ಹಿತ್ತಾಳೆ, ಕಂಚು, ಎರಕದ ಕಬ್ಬಿಣ, ಚರ್ಮ, ಗಾಜು ಮತ್ತು ಗಾಢವರ್ಣದ ಮರಗಳು ಮುಖ್ಯ ದ್ರವ್ಯಗಳು. ತಾಮ್ರ ಮತ್ತು ಸತುವಿನ ಮಿಶ್ರಲೋಹವಾದ ಹಿತ್ತಾಳೆ ಕಬ್ಬಿಣದಂತೆ ತುಕ್ಕುಹಿಡಿಯದೆ, ಕಡೆಯುವ ಕೆಲಸಕ್ಕೆ ಸುಲಭವಾಗಿ ಒದಗುವುದರಿಂದ ಸೂಕ್ಷ್ಮದರ್ಶಕ, ದೂರದರ್ಶಕ ಮತ್ತು ನೌಕಾಯಾನದ ಉಪಕರಣಗಳಲ್ಲಿ ಅದಕ್ಕೆ ಅಗ್ರಸ್ಥಾನವಿದ್ದಿತು. ಆ ಉಪಕರಣಗಳ ನೆನಪೇ ಹಿತ್ತಾಳೆಯನ್ನು ಈ ಶೈಲಿಯ ಮುದ್ರಾಲೋಹವನ್ನಾಗಿ ಮಾಡಿದೆ. ಪ್ಲಾಸ್ಟಿಕನ್ನು ಸಾಮಾನ್ಯವಾಗಿ ವರ್ಜಿಸಲಾಗುವುದು ಅಥವಾ ಲೋಹದ ಬಣ್ಣದಿಂದ ಮರೆಮಾಡಲಾಗುವುದು.

ವಯಸ್ಸಿನ ಗುರುತು: ವಸ್ತು ಬಹುಕಾಲ ಬಳಕೆಯಾದಂತೆ ತೋರಬೇಕೆಂಬುದು ಮತ್ತೊಂದು ನಿಯಮ. ತಾಮ್ರದ ಮೇಲೆ ಅಮೋನಿಯ ಮತ್ತು ಉಪ್ಪಿನ ಸಹಾಯದಿಂದ ಹಸಿರು ಕಿಲುಬನ್ನು ಬರಿಸುವುದು, ಚರ್ಮವನ್ನು ಉಜ್ಜಿ ಸವೆಸುವುದು, ರಿವೆಟುಗಳನ್ನು ಮುಚ್ಚದೆ ಬಿಡುವುದು ಇದಕ್ಕೆ ಬಳಸುವ ಕ್ರಮಗಳು. ಕೈಕೆಲಸಕ್ಕೆ ಪ್ರಾಧಾನ್ಯ ಕೊಡುವಲ್ಲಿ ಈ ಶೈಲಿಯವರು ಜಾನ್ ರಸ್ಕಿನ್ ಮತ್ತು ವಿಲಿಯಂ ಮಾರಿಸರ ಕರಕುಶಲ ಕಲಾ ಚಳವಳಿಯನ್ನು ಸ್ಮರಿಸುವುದುಂಟು. ಆದರೆ ಆ ಚಳವಳಿ ಯಂತ್ರೋತ್ಪಾದನೆಯನ್ನು ಶಂಕೆಯಿಂದ ಕಂಡರೆ, ಸ್ಟೀಮ್‌ಪಂಕ್ ಯಂತ್ರವನ್ನೇ ಕರಕುಶಲ ವಸ್ತುವಾಗಿ ಸ್ವೀಕರಿಸುವುದು.

ಉಪಕರಣಗಳ ವಿಧಗಳು

ಸ್ಟೀಮ್‌ಪಂಕ್ ಉಪಕರಣಗಳನ್ನು ಅವುಗಳ ಕಾರ್ಯವನ್ನು ಅನುಸರಿಸಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಸ್ವತಃ ಕೆಲಸಮಾಡುವ ಯಂತ್ರಗಳ ವರ್ಗ. ಸಣ್ಣ ಬಾಯ್ಲರಿನಿಂದ ನಡೆಯುವ ಬೊಂಬೆಗಳು, ಉಗಿಯಿಂದ ಚಲಿಸುವ ಬಂಡಿಗಳು, ಒಳಭಾಗ ಕಾಣುವ ಸ್ಪ್ರಿಂಗ್ ಗಡಿಯಾರಗಳು ಇದರಲ್ಲಿ ಸೇರುವುವು. ಬಾಯ್ಲರಿನಲ್ಲಿ ಒತ್ತಡ ಮಿತಿಮೀರಿದರೆ ಸ್ಫೋಟವಾಗುವ ಅಪಾಯವಿರುವುದರಿಂದ ಇವುಗಳಿಗೆ ಸುರಕ್ಷಾಕವಾಟವೂ ಯಂತ್ರಜ್ಞಾನದಲ್ಲಿ ಪರಿಣತಿಯೂ ಅವಶ್ಯಕ. ಆದಕಾರಣ ಈ ವರ್ಗ ಸಂಖ್ಯೆಯಲ್ಲಿ ಚಿಕ್ಕದು.

ಎರಡನೆಯದು ಹೊದಿಕೆಯ ಉಪಕರಣಗಳು. ಇಲ್ಲಿ ಆಧುನಿಕ ವಿದ್ಯುನ್ಮಾನ ಸಾಧನದ ಒಳಭಾಗವನ್ನು ಹಾಗೆಯೇ ಉಳಿಸಿಕೊಂಡು ಹೊರರೂಪವನ್ನು ಬದಲಿಸಲಾಗುವುದು. ಗಣಕದ ಕೀಲಿಮಣೆಯ ಪ್ಲಾಸ್ಟಿಕ್ ಗುಂಡಿಗಳನ್ನು ತೆಗೆದು ಹಳೆಯ ಬೆರಳಚ್ಚು ಯಂತ್ರದ ದುಂಡು ಗುಂಡಿಗಳನ್ನು ಕೂರಿಸಿ ಹಿತ್ತಾಳೆಯ ಚೌಕಟ್ಟಿನಲ್ಲಿ ಅಳವಡಿಸುವುದು ಇದರ ಪ್ರಸಿದ್ಧ ಉದಾಹರಣೆ. ಮರದ ಪೆಟ್ಟಿಗೆಯೊಳಗಿನ ಗಣಕ, ತಾಮ್ರದ ಕೊಳವೆಯಲ್ಲಿ ಅಡಗಿಸಿದ ಪೆನ್‌ಡ್ರೈವ್, ನಲ್ಲಿಯ ಜೋಡಣೆಗಳಿಂದ ಮಾಡಿ ಉದ್ದತಂತಿಯ ಬಲ್ಬು ತೊಡಿಸಿದ ಮೇಜುದೀಪ ಇದೇ ಜಾತಿಯವು. ನಿಯಾನ್ ಅನಿಲದಲ್ಲಿ ಅಂಕಿಗಳು ಕೆಂಪಗೆ ಬೆಳಗುವ ‘ನಿಕ್ಸಿ’ ನಳಿಗೆಯ ಗಡಿಯಾರಗಳನ್ನೂ ಈ ವರ್ಗಕ್ಕೆ ಸೇರಿಸುವುದು ರೂಢಿಯಾದರೂ, ಆ ನಳಿಗೆ ಬಳಕೆಗೆ ಬಂದುದು 1950ರ ದಶಕದಲ್ಲಿಯಾದ್ದರಿಂದ ಕಾಲದೃಷ್ಟಿಯಿಂದ ಅವು ಉಗಿಯುಗದವಲ್ಲ.

ಮೂರನೆಯದು ಪ್ರದರ್ಶನ ವಸ್ತುಗಳು. ಕಿರಣಬಂದೂಕು, ಯಾಂತ್ರಿಕ ತೋಳು, ಹಲ್ಲುಗಾಲಿ ಜಡಿದ ರೆಕ್ಕೆ ಮುಂತಾದ ಇವು ಕೆಲಸಮಾಡುವುದಿಲ್ಲ. ಕಲ್ಪಿತ ಲೋಕದ ಪಾತ್ರವೊಂದಕ್ಕೆ ಪೂರಕವಾಗಿರುವುವು. ಕತ್ತರಿಸಿದ ಹಿತ್ತಾಳೆ ತಗಡು, ಒಡೆದ ಗಡಿಯಾರದ ಬಿಡಿಭಾಗ, ಬಣ್ಣ ಬಳಿದ ಆಟಿಕೆಗಳಿಂದ ತೊಡಗಿ, ಇತ್ತೀಚೆಗೆ ಲೇಸರ್ ಕತ್ತರಿಕೆ ಮತ್ತು ತ್ರಿವಿಮ ಮುದ್ರಣದವರೆಗೆ ಎಲ್ಲ ವಿಧಾನಗಳೂ ಇವುಗಳ ತಯಾರಿಕೆಯಲ್ಲಿ ಬಳಕೆಯಾಗುತ್ತಿವೆ.

ಉಡುಪು

ಸ್ಟೀಮ್‌ಪಂಕ್ ಉಡುಪಿನ ತಳಹದಿ ವಿಕ್ಟೋರಿಯನ್ ಮತ್ತು ಎಡ್ವರ್ಡಿಯನ್ ಕಾಲದ ಯೂರೋಪಿನ ವೇಷ. ಗಂಡಸರ ವೇಷದಲ್ಲಿ ಟಾಪ್ ಹ್ಯಾಟ್ ಅಥವಾ 1849ರಲ್ಲಿ ಲಂಡನ್ನಿನಲ್ಲಿ ಬಳಕೆಗೆ ಬಂದ ದುಂಡನೆಯ ಬೌಲರ್ ಟೋಪಿ, ವೇಸ್ಟ್‌ಕೋಟು, ನೀಳವಾದ ಫ್ರಾಕ್ ಕೋಟು, ಕೊರಳುವಸ್ತ್ರ ಮತ್ತು ಸರಪಣಿಯ ಜೇಬುಗಡಿಯಾರ ಕಾಣಸಿಗುವುವು. ಹೆಂಗಸರ ವೇಷದಲ್ಲಿ ಕಾರ್ಸೆಟ್ ಎಂಬ ಬಿಗಿಯಾದ ನಡುಕವಚ, ಹಿಂಬದಿ ಉಬ್ಬಿದ ಲಂಗ, ಎತ್ತರದ ಬೂಟುಗಳು ಮುಖ್ಯ. ಐತಿಹಾಸಿಕವಾಗಿ ಒಳಉಡುಪಾಗಿದ್ದ ಕಾರ್ಸೆಟನ್ನು ಇಲ್ಲಿ ಹೊರಗೆ ತೊಡುವುದೂ, ಲಂಗವನ್ನು ಮುಂಬದಿಯಲ್ಲಿ ಎತ್ತಿಕಟ್ಟುವುದೂ, ಗಂಡಸರ ವೇಷವನ್ನು ಹೆಂಗಸರು ಸ್ವೀಕರಿಸುವುದೂ ಈ ಶೈಲಿ ಇತಿಹಾಸದ ಪ್ರತಿಕೃತಿಯಲ್ಲವೆಂಬುದನ್ನು ತೋರಿಸುವುವು.

ತೊಡುವವರು ಬಹುಮಟ್ಟಿಗೆ ಒಂದು ಕಲ್ಪಿತ ಪಾತ್ರವನ್ನು, ಎಂದರೆ ವಾಯುನೌಕೆಯ ಕಪ್ತಾನ, ಸಂಶೋಧಕ, ಯಂತ್ರಕರ್ಮಿ, ಗೂಢಚಾರಿಣಿ ಮುಂತಾದವರಲ್ಲೊಬ್ಬರನ್ನು, ಮನಸ್ಸಿನಲ್ಲಿಟ್ಟುಕೊಂಡು ವೇಷ ಜೋಡಿಸುವರು. ಹಿತ್ತಾಳೆಯ ಕಟ್ಟಿನ ರಕ್ಷಣಾ ಕನ್ನಡಕವು ಅತ್ಯಂತ ಪರಿಚಿತ ಚಿಹ್ನೆಯಾಗಿದ್ದು, ತೆರೆದ ವಾಹನ, ಕುಲುಮೆ ಮತ್ತು ಗಗನಯಾನ ಮೂರನ್ನೂ ಒಮ್ಮೆಗೇ ಸೂಚಿಸುವುದು. ಸಲಕರಣೆಗಳನ್ನು ಸಿಕ್ಕಿಸುವ ಚರ್ಮದ ಪಟ್ಟಿಗಳು ಉಪಕರಣವನ್ನೂ ಉಡುಪನ್ನೂ ಒಂದುಗೂಡಿಸುವುವು. ವರ್ಣಗಳಲ್ಲಿ ಕಂದು, ಕಪ್ಪು ಮತ್ತು ತಾಮ್ರದ ಬಣ್ಣಗಳಿಗೆ ಪ್ರಾಶಸ್ತ್ಯವಿದೆ. ವಿಲಿಯಂ ಪರ್ಕಿನ್ 1856ರಲ್ಲಿ ನೇರಳೆಯ ಕೃತಕವರ್ಣವನ್ನು ಕಂಡುಹಿಡಿದ ಮೇಲೆ ನಿಜವಾದ ವಿಕ್ಟೋರಿಯನ್ ವಸ್ತ್ರಗಳು ಉಜ್ಜ್ವಲವರ್ಣದವಾಗಿದ್ದುವಾದ್ದರಿಂದ, ಕಂದುಬಣ್ಣದ ಈ ಪ್ರಾಧಾನ್ಯವನ್ನು ಐತಿಹಾಸಿಕ ಲಕ್ಷಣವೆಂದು ಭಾವಿಸತಕ್ಕುದಲ್ಲ.

2013ರ ಆರಂಭದಲ್ಲಿ ಐಬಿಎಂ ಸಂಸ್ಥೆಯು ಅಂತರಜಾಲದ ಸಂವಾದಗಳ ವಿಶ್ಲೇಷಣೆಯನ್ನಾಧರಿಸಿ, ಸ್ಟೀಮ್‌ಪಂಕ್ ಮುಂದಿನ ಎರಡು ವರ್ಷಗಳಲ್ಲಿ ಉಡುಪಿನ ಮಾರುಕಟ್ಟೆಯ ಪ್ರಮುಖ ಪ್ರವೃತ್ತಿಯಾಗುವುದೆಂದು ಮುನ್ನುಡಿದಿತ್ತು. ವಾಣಿಜ್ಯ ಉಡುಪಿನಲ್ಲಿ ಅದರ ಕೆಲವು ಅಂಶಗಳು ಸೇರಿದುವಾದರೂ, ಇಡಿಯ ವೇಷವು ಉತ್ಸವ ಮತ್ತು ಸಮಾವೇಶಗಳಿಗೇ ಮೀಸಲಾಗಿ ಉಳಿದಿದೆ.

ಸಂಬಂಧಿತ ಪ್ರಭೇದಗಳು

ಆಧಾರವಾದ ಚಾಲಕಶಕ್ತಿಯನ್ನು ಅನುಸರಿಸಿ ಗತಭವಿಷ್ಯ ವಿನ್ಯಾಸದ ಇತರ ಶಾಖೆಗಳಿಗೆ ಹೆಸರುಗಳು ಬಂದಿವೆ. ಸ್ಪ್ರಿಂಗು ಮತ್ತು ಹಲ್ಲುಗಾಲಿಗಳ ಪುನರುಜ್ಜೀವನ ಕಾಲವನ್ನು ಆಧರಿಸಿದುದು ‘ಕ್ಲಾಕ್‌ಪಂಕ್’. ಎರಡು ಮಹಾಯುದ್ಧಗಳ ನಡುವಣ ಡೀಸೆಲ್ ಎಂಜಿನ್ನು ಮತ್ತು ಆರ್ಟ್ ಡೆಕೊ ವಾಸ್ತುವನ್ನು ಆಧರಿಸಿದುದು ‘ಡೀಸೆಲ್‌ಪಂಕ್’. 1950ರ ಸುಮಾರಿನ ಅಣುಶಕ್ತಿ ಮತ್ತು ಅಂತರಿಕ್ಷದ ಕನಸುಗಳನ್ನು ಆಧರಿಸಿದುದು ‘ಆಟಂಪಂಕ್’. ವಿಕ್ಟೋರಿಯನ್ ಹಿನ್ನೆಲೆಯಲ್ಲಿ ಯಂತ್ರಕ್ಕಿಂತ ಮಾಂತ್ರಿಕತೆಗೆ ಹೆಚ್ಚು ಸ್ಥಾನ ಕೊಡುವ ಕಥೆಗಳನ್ನು ‘ಗ್ಯಾಸ್‌ಲ್ಯಾಂಪ್ ಫ್ಯಾಂಟಸಿ’ ಎನ್ನುವರು. ಕೆನ್ ಲಿಯು ತನ್ನ ‘ದಿ ಗ್ರೇಸ್ ಆಫ್ ಕಿಂಗ್ಸ್’ (2015) ಕಾದಂಬರಿಗೆ ಸಂಬಂಧಿಸಿ ಬಳಸಿದ ‘ಸಿಲ್ಕ್‌ಪಂಕ್’ ಎಂಬ ಹೆಸರು ರೇಷ್ಮೆ, ಬಿದಿರು, ಕಾಗದಗಳ ಪೂರ್ವ ಏಷ್ಯಾದ ಯಂತ್ರಪರಂಪರೆಯನ್ನು ನಿರ್ದೇಶಿಸುವುದು.

ಚಲನಚಿತ್ರ ಮತ್ತು ಆಟಗಳಲ್ಲಿ ಬಳಕೆ

ಈ ಶೈಲಿಯ ದೃಶ್ಯರೂಪ ಅದರ ಹೆಸರಿಗಿಂತ ಹಳೆಯದು. ವರ್ನನ ಕಾದಂಬರಿಯನ್ನು ಆಧರಿಸಿ ಡಿಸ್ನಿ ಸಂಸ್ಥೆ 1954ರಲ್ಲಿ ನಿರ್ಮಿಸಿದ ಚಿತ್ರಕ್ಕಾಗಿ ಹಾರ್ಪರ್ ಗಾಫ್ ರೂಪಿಸಿದ, ರಿವೆಟುಗಳಿಂದ ತುಂಬಿ ಜಲಚರದಂತೆ ತೋರುವ ನಾಟಿಲಸ್ ಮುಂದಿನ ವಿನ್ಯಾಸಕಾರರಿಗೆ ಮಾದರಿಯಾಯಿತು. ಚೆಕ್ ನಿರ್ದೇಶಕ ಕಾರೆಲ್ ಝೆಮಾನ್ ತನ್ನ 1958ರ ಚಿತ್ರದಲ್ಲಿ ವರ್ನನ ಗ್ರಂಥಗಳ ಕೆತ್ತನೆಚಿತ್ರಗಳನ್ನೇ ಚಲಿಸುವಂತೆ ಮಾಡಿದನು. ಜಪಾನಿನಲ್ಲಿ ಹಯಾವೊ ಮಿಯಾಝಾಕಿಯ ‘ಲಪ್ಯೂಟ’ (1986) ಮತ್ತು ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (2004), ಕತ್ಸುಹಿರೊ ಒಟೊಮೊನ ‘ಸ್ಟೀಮ್‌ಬಾಯ್’ (2004) ಉಲ್ಲೇಖಾರ್ಹ. ಮಾರ್ಟಿನ್ ಸ್ಕಾರ್ಸೆಸಿಯ ‘ಹ್ಯೂಗೊ’ (2011) ಪ್ಯಾರಿಸಿನ ರೈಲುನಿಲ್ದಾಣದ ಗಡಿಯಾರಗಳ ನಡುವೆ, ಚಿತ್ರ ಬರೆಯುವ ಯಂತ್ರಮಾನವನೊಂದಿಗೆ ನಡೆಯುವ ಕಥೆ. ಗಣಕದ ಆಟಗಳಲ್ಲಿ ‘ಮಿಸ್ಟ್’ (1993), ‘ಡಿಸಾನರ್ಡ್’ (2012), ತೇಲುವ ನಗರವೊಂದರಲ್ಲಿ ನಡೆಯುವ ‘ಬಯೋಷಾಕ್ ಇನ್ಫಿನಿಟ್’ (2013) ಪ್ರಸಿದ್ಧ.

ಸಾರ್ವಜನಿಕ ಕಲೆ ಮತ್ತು ಸ್ಥಳಗಳು

ಪ್ಯಾರಿಸಿನ ‘ಆರ್ಟ್ಸ್ ಎ ಮೆತಿಯೆ’ ಮೆಟ್ರೊ ನಿಲ್ದಾಣದ ಒಂದು ವೇದಿಕೆಯನ್ನು, ಮೇಲಿನ ಕಲಾಶಿಲ್ಪ ವಿದ್ಯಾಸಂಸ್ಥೆಯ ದ್ವಿಶತಮಾನೋತ್ಸವದ ಸಂದರ್ಭದಲ್ಲಿ 1994ರಲ್ಲಿ ಬೆಲ್ಜಿಯಂ ದೇಶದ ಚಿತ್ರಕಥಾಕಾರ ಫ್ರಾಂಸ್ವಾ ಸ್ಕೊಯ್ಟನ್ ನಾಟಿಲಸಿನ ಒಳಭಾಗವನ್ನು ನೆನಪಿಸುವಂತೆ ಪುನರ್ರಚಿಸಿದನು. ಗೋಡೆಗಳಿಗೆಲ್ಲ ತಾಮ್ರದ ತಗಡು ಹೊದೆಸಿ, ದುಂಡು ಗವಾಕ್ಷಗಳನ್ನಿರಿಸಿ, ಛಾವಣಿಯಿಂದ ಬೃಹತ್ತಾದ ಹಲ್ಲುಗಾಲಿಗಳನ್ನು ಇಳಿಬಿಡಲಾಗಿದೆ. ಅದರ ಮೇಲಿರುವ ಸಂಗ್ರಹಾಲಯದಲ್ಲಿ ಆದೆರನ ಮತ್ತೊಂದು ಉಗಿವಿಮಾನವನ್ನು ಸಂರಕ್ಷಿಸಿದ್ದಾರೆ.

ವರ್ನನ ಜನ್ಮಸ್ಥಳವಾದ ನಾಂತ್ ನಗರದಲ್ಲಿ, ಮುಚ್ಚಿಹೋದ ಹಡಗು ಕಟ್ಟೆಯ ಪ್ರದೇಶದಲ್ಲಿ ಫ್ರಾಂಸ್ವಾ ದೆಲಾರೊಝಿಯೆರ್ ಮತ್ತು ಪಿಯೆರ್ ಒರೆಫಿಸ್ ಸ್ಥಾಪಿಸಿದ ಯಂತ್ರಶಾಲೆಯ ‘ಮಹಾಗಜ’ 2007ರಿಂದ ಸಂಚರಿಸುತ್ತಿದೆ. 12 ಮೀಟರ್ ಎತ್ತರವೂ ಸುಮಾರು 48 ಟನ್ ತೂಕವೂ ಉಳ್ಳ ಈ ಉಕ್ಕು ಮತ್ತು ಮರದ ಆನೆ ಪ್ರಯಾಣಿಕರನ್ನು ಹೊತ್ತು, ಸೊಂಡಿಲಿನಿಂದ ನೀರೆರಚುತ್ತ ಸಾಗುವುದು. ಅದರ ಅವಯವಗಳು ಚಲಿಸುವುದು ಉಗಿಯಿಂದಲ್ಲ, ದ್ರವದ ಒತ್ತಡದಿಂದ. ಆದರೆ ಕೀಲುಗಳೂ ಕೊಳವೆಗಳೂ ತೆರೆದೇ ಇರುವುವು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಓಮರು ಪಟ್ಟಣವು ಬಿಳಿಯ ಸುಣ್ಣಕಲ್ಲಿನ ವಿಕ್ಟೋರಿಯನ್ ಕಟ್ಟಡಗಳಿಂದ ಕೂಡಿದ ಹಳೆಯ ಬಂದರು. 2011ರಲ್ಲಿ ‘ಸ್ಟೀಮ್‌ಪಂಕ್ ಎಚ್‌ಕ್ಯು’ ಎಂಬ ಕಲಾಶಾಲೆ ಅಲ್ಲಿ ತೆರೆದು, ಪಟ್ಟಣಕ್ಕೆ ಈ ಶೈಲಿಯ ಕೇಂದ್ರವೆಂಬ ಖ್ಯಾತಿ ತಂದಿತು. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ 2009ರಿಂದ ‘ಅಸೈಲಂ’ ಎಂಬ ಉತ್ಸವ ನಡೆಯತೊಡಗಿತು. ಅದೇ ವರ್ಷ ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸದ ಸಂಗ್ರಹಾಲಯದಲ್ಲಿ ಆರ್ಟ್ ಡೊನೊವನ್ ಸಂಯೋಜಿಸಿದ ಪ್ರದರ್ಶನವು ಸ್ಟೀಮ್‌ಪಂಕ್ ಕಲಾಕೃತಿಗಳನ್ನು ನಿಜವಾದ ಹಳೆಯ ವೈಜ್ಞಾನಿಕ ಉಪಕರಣಗಳಿರುವ ಕಟ್ಟಡದಲ್ಲಿಯೇ ತಂದಿರಿಸಿತು.

ಭಾರತದ ಸಂಬಂಧ

ಸ್ಟೀಮ್‌ಪಂಕಿನ ಎರಡು ಮೂಲಕಲ್ಪನೆಗಳು ಭಾರತದೊಡನೆ ಸಂಬಂಧ ಹೊಂದಿವೆ. ವರ್ನನ 1880ರ ‘ಉಗಿಯ ಮನೆ’ ಎಂಬ ಕಾದಂಬರಿಯಲ್ಲಿ ಬ್ಯಾಂಕ್ಸ್ ಎಂಬ ಎಂಜಿನಿಯರು ರಚಿಸಿದ ಉಕ್ಕಿನ ಉಗಿಯಾನೆ, ಗಾಲಿಗಳ ಮೇಲೆ ನಿಲ್ಲಿಸಿದ ಎರಡು ಮನೆಗಳನ್ನೆಳೆದುಕೊಂಡು ಕಲ್ಕತ್ತೆಯಿಂದ ಉತ್ತರ ಭಾರತದ ದಾರಿಗಳಲ್ಲಿ ಸಾಗುವುದು. 1857ರ ಹೋರಾಟದ ನಾಯಕ ನಾನಾಸಾಹೇಬನೂ ಈ ಕಥೆಯ ಪಾತ್ರವಾಗಿದ್ದಾನೆ. ನಾಟಿಲಸಿನ ಒಡೆಯ ಕ್ಯಾಪ್ಟನ್ ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕರನೆಂದೂ, ಮೈಸೂರಿನ ಟಿಪ್ಪುವಿನ ಸೋದರಳಿಯನೆಂದೂ ವರ್ನ್ ‘ರಹಸ್ಯದ್ವೀಪ’ ಎಂಬ ಕಾದಂಬರಿಯಲ್ಲಿ ಪ್ರಕಟಪಡಿಸಿದ್ದಾನೆ. ಈ ಬಂಧುತ್ವ ಕೇವಲ ಕವಿಕಲ್ಪಿತ. ಆಲನ್ ಮೂರ್ ಮತ್ತು ಕೆವಿನ್ ಓನೀಲರ ‘ದಿ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮನ್’ ಚಿತ್ರಕಥಾಮಾಲೆಯು ನೆಮೊನ ಭಾರತೀಯತ್ವವನ್ನು ಉಳಿಸಿಕೊಂಡಿತು. ಅದನ್ನಾಧರಿಸಿದ 2003ರ ಚಲನಚಿತ್ರದಲ್ಲಿ ಆ ಪಾತ್ರವನ್ನು ನಾಸಿರುದ್ದೀನ್ ಷಾ ಅಭಿನಯಿಸಿದನು.

ವಿಮರ್ಶೆ

ಈ ಶೈಲಿಯನ್ನು ಕುರಿತ ಚರ್ಚೆಗಳಲ್ಲಿ ಎರಡು ಪ್ರಧಾನವಾದುವು. ಮೊದಲನೆಯದು ಗೋಚರತೆಯ ತತ್ತ್ವಕ್ಕೆ ಸಂಬಂಧಿಸಿದುದು: ಯಾವ ಗಾಲಿಗೂ ಹಲ್ಲು ಕೊಡದೆ, ಏನನ್ನೂ ತಿರುಗಿಸದೆ, ಬರಿಯ ಅಲಂಕಾರಕ್ಕಾಗಿ ಅಂಟಿಸಿದ ಹಲ್ಲುಗಾಲಿಯು ಯಂತ್ರದ ಕೆಲಸವನ್ನು ತೋರಿಸುವುದರ ಬದಲು ಇಲ್ಲದ ಕೆಲಸವನ್ನು ನಟಿಸುವುದೆಂಬ ಆಕ್ಷೇಪಣೆ ಈ ಶೈಲಿಯ ಕುಶಲಕರ್ಮಿಗಳಿಂದಲೇ ಬಂದಿದೆ. ಎರಡನೆಯದು ಇತಿಹಾಸಕ್ಕೆ ಸಂಬಂಧಿಸಿದುದು: ವಿಕ್ಟೋರಿಯನ್ ವೈಭವಕ್ಕೆ ಆಧಾರವಾಗಿದ್ದ ವಸಾಹತುಗಳ ಶೋಷಣೆ, ಗಿರಣಿಗಳ ಬಾಲಕಾರ್ಮಿಕತೆ ಮತ್ತು ಕಲ್ಲಿದ್ದಲಿನ ಹೊಗೆಯನ್ನು ಮರೆತು ವೇಷವನ್ನು ಮಾತ್ರ ಉಳಿಸಿಕೊಳ್ಳುವುದು ಅಪೂರ್ಣವೆಂಬ ವಾದ. ಇದಕ್ಕೆ ಉತ್ತರರೂಪವಾಗಿ ಆಗ್ನೇಯ ಏಷ್ಯಾದ ಹಿನ್ನೆಲೆಯ ಕಥೆಗಳ ಸಂಕಲನ ‘ದಿ ಸೀ ಈಸ್ ಅವರ್ಸ್’ (2015), ಬೆಲ್ಜಿಯನ್ ಆಳಿಕೆಯ ಕಾಂಗೊ ದೇಶದಲ್ಲಿ ಸ್ವತಂತ್ರ ರಾಜ್ಯವೊಂದನ್ನು ಕಲ್ಪಿಸುವ ನೀಸಿ ಷಾಲ್ ಅವರ ‘ಎವರ್‌ಫೇರ್’ (2016) ಮುಂತಾದ ಕೃತಿಗಳು ಪ್ರಕಟವಾಗಿವೆ.

ಸದ್ಯದ ಸ್ಥಿತಿ

2007ರಿಂದ 2013ರವರೆಗಿನ ಅವಧಿಯಲ್ಲಿ ಸ್ಟೀಮ್‌ಪಂಕಿನ ಜನಪ್ರಿಯತೆ ಬಹಳ ಹೆಚ್ಚಿತ್ತು. ಅನಂತರ ಪ್ರತ್ಯೇಕ ಪ್ರವೃತ್ತಿಯಾಗಿ ಅದರ ಪ್ರಚಾರ ತಗ್ಗಿದರೂ, ಅದರ ದೃಶ್ಯಪರಿಭಾಷೆ ಚಲನಚಿತ್ರ, ಆಟ, ಉಪಾಹಾರಗೃಹಗಳ ಒಳವಿನ್ಯಾಸ ಮತ್ತು ದೀಪಗಳ ತಯಾರಿಕೆಯಲ್ಲಿ ನೆಲೆಗೊಂಡಿದೆ. ಫಿಲಿಪ್ ರೀವನ ಕಾದಂಬರಿಯನ್ನಾಧರಿಸಿ, ಗಾಲಿಗಳ ಮೇಲೆ ಚಲಿಸುವ ನಗರಗಳನ್ನು ತೋರಿಸಿದ ‘ಮಾರ್ಟಲ್ ಎಂಜಿನ್ಸ್’ (2018) ವ್ಯಾಪಾರದಲ್ಲಿ ವಿಫಲವಾಯಿತು; ಯಂತ್ರಶಿಲ್ಪಿಗಳ ನಗರವೊಂದನ್ನು ಚಿತ್ರಿಸುವ ‘ಆರ್ಕೇನ್’ (2021) ಎಂಬ ಆನಿಮೇಷನ್ ಧಾರಾವಾಹಿ ವಿಶೇಷ ಮನ್ನಣೆ ಪಡೆಯಿತು. ಉಪಕರಣಗಳ ಕ್ಷೇತ್ರದಲ್ಲಿ, ಕೊಂಡ ವಸ್ತುವನ್ನು ಬಿಚ್ಚಿ ತಿಳಿಯುವ ಮತ್ತು ದುರಸ್ತಿಮಾಡುವ ಹಕ್ಕು ಬಳಕೆದಾರನಿಗಿರಬೇಕೆಂದು ವಾದಿಸುವ ಸ್ವಯಂನಿರ್ಮಾಣ ಮತ್ತು ದುರಸ್ತಿ ಚಳವಳಿಗಳೊಡನೆ ಈ ಶೈಲಿಯ ಕುಶಲಕರ್ಮಿಗಳಲ್ಲಿ ಅನೇಕರು ಅಭಿರುಚಿಯನ್ನು ಹಂಚಿಕೊಂಡಿದ್ದು, ಹೊದಿಕೆಯ ಉಪಕರಣಗಳ ತಯಾರಿಕೆ ಹವ್ಯಾಸವಾಗಿಯೂ ಸಣ್ಣ ಪ್ರಮಾಣದ ವೃತ್ತಿಯಾಗಿಯೂ ಮುಂದುವರಿದಿದೆ.